ಕ್ಷಮಾದಾನ, ಮಾಫಿ, ಖುಲಾಸೆ: ಪದಬಂಧದ ಉತ್ತರಗಳು ಮತ್ತು ಕಾನೂನಿನ ಅರ್ಥಗಳು

ಅಮರಗೋಳ (ಹುಬ್ಬಳ್ಳಿ): ದಿನಪತ್ರಿಕೆಯ ಪದಬಂಧ ತುಂಬುವ ಅಭ್ಯಾಸ ಅನೇಕ ಜೈನ ಕುಟುಂಬಗಳಲ್ಲಿದೆ. ಅಮರಗೋಳದ ಎಪಿಎಂಸಿ ಯಾರ್ಡಿನ ಅಂಗಡಿಗಳಲ್ಲೂ ಟೆಂಡರ್ ಆರಂಭವಾಗುವ ಮೊದಲು ಪೇಪರಿನ ಆ ಪುಟ ಕೈಯಿಂದ ಕೈಗೆ ಹೋಗುತ್ತದೆ. ಅಲ್ಲಿ ಆಗಾಗ ಬರುವ ಒಂದು ಸುಳಿವು ಹೀಗಿರುತ್ತದೆ: "ಅಪರಾಧಿಗೆ ಕಾನೂನಿನ ಪ್ರಕಾರ ದೊರೆಯುವ ಕ್ಷಮೆ (4)". ಮೊದಲ ಎರಡು ಚೌಕಗಳಲ್ಲಿ 'ಕ್ಷ', 'ಮಾ' ಈಗಾಗಲೇ ಬಂದಿರುತ್ತವೆ. ಉಳಿದ ಎರಡಕ್ಕೆ ಏನು ಬರೆಯಬೇಕು?

ಇಲ್ಲಿಯೇ ಗೊಂದಲ ಶುರುವಾಗುತ್ತದೆ. ಕ್ಷಮಾದಾನ, ಕ್ಷಮಾಪಣೆ, ಕ್ಷಮಾವಾಣಿ, ಕ್ಷಮಾಗುಣ, ಕ್ಷಮಾಶೀಲ – ಈ ಐದೂ ನಾಲ್ಕಕ್ಷರದ ಪದಗಳೇ, ಐದರಲ್ಲೂ ಮೊದಲ ಎರಡು ಅಕ್ಷರ ಒಂದೇ. ಪದಬಂಧದಲ್ಲಿ ತಪ್ಪಿದರೆ ರಬ್ಬರಿನಿಂದ ಅಳಿಸಿ ಮತ್ತೆ ಬರೆಯಬಹುದು. ಆದರೆ ಇದೇ ಗೊಂದಲ ಕೋರ್ಟಿನ ಕಾಗದ, ತೆರಿಗೆ ನೋಟಿಸು ಅಥವಾ ಮಕ್ಕಳ ನೌಕರಿ ಅರ್ಜಿಯಲ್ಲಿ ಆದರೆ ಅಳಿಸುವುದು ಸುಲಭವಲ್ಲ. ಆದ್ದರಿಂದ ಕ್ಷಮೆಗೆ ಸಂಬಂಧಿಸಿದ ಪದಗಳ ಅರ್ಥವನ್ನು, ಅವುಗಳ ಹಿಂದಿರುವ ಕಾನೂನನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಮೂರು ಪದ, ಮೂರು ದಿಕ್ಕು

ಕ್ಷಮಾಪಣೆ ಎಂದರೆ ತಪ್ಪು ಮಾಡಿದವನು ಕೇಳುವುದು. ಕ್ಷಮಾದಾನ ಎಂದರೆ ಅಧಿಕಾರ ಉಳ್ಳವರು ಕೊಡುವುದು. ಕ್ಷಮಾವಾಣಿ ಎಂದರೆ ಇಬ್ಬರೂ ಪರಸ್ಪರ ಕೇಳಿ, ಪರಸ್ಪರ ಕೊಡುವುದು. ಸುಳಿವಿನಲ್ಲಿ 'ಕೇಳುವ' ಎಂದಿದೆಯೋ, 'ನೀಡುವ' ಎಂದಿದೆಯೋ ಎಂಬುದನ್ನು ಗಮನಿಸಿದರೆ ಉತ್ತರ ತಾನಾಗಿ ಹೊಳೆಯುತ್ತದೆ. 'ರಾಷ್ಟ್ರಪತಿ', 'ರಾಜ್ಯಪಾಲ', 'ಅಪರಾಧಿ', 'ಶಿಕ್ಷೆ' ಎಂಬ ಮಾತುಗಳಿದ್ದರೆ ಉತ್ತರ ಕ್ಷಮಾದಾನ. 'ಪರ್ಯೂಷಣ', 'ದಶಲಕ್ಷಣ', 'ಜೈನರ ಹಬ್ಬ' ಎಂದಿದ್ದರೆ ಕ್ಷಮಾವಾಣಿ.

ಕ್ಷಮೆ ಎಂಬ ಪದದ ಸಂಸ್ಕೃತ ಧಾತುವಿಗೆ ಸಹಿಸುವುದು, ತಾಳುವುದು ಎಂದು ಅರ್ಥ. ಎಲ್ಲವನ್ನೂ ತಾಳುವ ಭೂಮಿಗೂ ಸಂಸ್ಕೃತದಲ್ಲಿ 'ಕ್ಷಮಾ' ಎಂಬ ಹೆಸರಿದೆ. ಕನ್ನಡದ 'ಮನ್ನಿಸು' ಎಂಬ ಪದಕ್ಕೆ ಗೌರವಿಸು ಎಂಬ ಅರ್ಥವೂ ಇದೆ, ಕ್ಷಮಿಸು ಎಂಬ ಅರ್ಥವೂ ಇದೆ. 'ಮಾಫಿ' ಅರಬ್ಬೀ ಮೂಲದಿಂದ ಆಡಳಿತದ ಭಾಷೆಯ ಮೂಲಕ ಕನ್ನಡಕ್ಕೆ ಬಂದು ನೆಲೆನಿಂತ ಪದ.

ಇಂಗ್ಲಿಷಿನ 'ಪಾರ್ಡನ್' ಕೂಡ ಲ್ಯಾಟಿನ್ ಮೂಲದಲ್ಲಿ 'ಸಂಪೂರ್ಣವಾಗಿ ಕೊಟ್ಟುಬಿಡು' ಎಂಬ ಅರ್ಥದಿಂದಲೇ ಹುಟ್ಟಿದೆ. ನಮ್ಮ 'ಕ್ಷಮಾದಾನ'ದಲ್ಲಿಯೂ 'ದಾನ' ಇದೆ. 'ಅಮ್ನೆಸ್ಟಿ'ಗೆ ಮಾತ್ರ ಗ್ರೀಕ್ ಮೂಲದಲ್ಲಿ 'ಮರೆವು' ಎಂಬ ಅರ್ಥ. ನೆನಪು ಹೋಗುವ ಕಾಯಿಲೆಗೆ ಹೇಳುವ 'ಅಮ್ನೇಷಿಯಾ' ಅದೇ ಬೇರಿನ ಪದ. ಅಂದರೆ ಪಾರ್ಡನ್ ತಪ್ಪನ್ನು ನೆನಪಿಟ್ಟುಕೊಂಡೇ ಕ್ಷಮಿಸುತ್ತದೆ, ಅಮ್ನೆಸ್ಟಿ ತಪ್ಪನ್ನೇ ಮರೆತುಬಿಡುತ್ತದೆ. ಸಾಮಾನ್ಯವಾಗಿ ಒಬ್ಬ ವ್ಯಕ್ತಿಗೆ ಕೊಡುವುದು ಪಾರ್ಡನ್, ಒಂದು ಗುಂಪಿಗೆ ಒಟ್ಟಾಗಿ ಕೊಡುವುದು ಅಮ್ನೆಸ್ಟಿ.

ಸಂವಿಧಾನದಲ್ಲಿ ಏನಿದೆ?

ಭಾರತದ ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೂ, 161ನೇ ವಿಧಿ ರಾಜ್ಯಪಾಲರಿಗೂ ಈ ಅಧಿಕಾರ ನೀಡುತ್ತವೆ. ಕೇಂದ್ರದ ಕಾನೂನಿನ ವ್ಯಾಪ್ತಿಯ ಅಪರಾಧಗಳು, ಸೇನಾ ನ್ಯಾಯಾಲಯದ ಶಿಕ್ಷೆಗಳು ಮತ್ತು ಎಲ್ಲ ಮರಣದಂಡನೆ ಪ್ರಕರಣಗಳು ರಾಷ್ಟ್ರಪತಿಯ ವ್ಯಾಪ್ತಿಗೆ ಬರುತ್ತವೆ. ಇಬ್ಬರೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಈ ವಿಧಿಗಳಲ್ಲಿ 'ಅಮ್ನೆಸ್ಟಿ' ಎಂಬ ಪದವೇ ಇಲ್ಲ. ಅಲ್ಲಿರುವುದು ಐದು ಬಗೆಯ ಕ್ರಮಗಳು:

1. ಪಾರ್ಡನ್ – ಕ್ಷಮಾದಾನ. ಶಿಕ್ಷೆಯಿಂದ ಪೂರ್ಣ ಬಿಡುಗಡೆ.
2. ಕಮ್ಯುಟೇಷನ್ – ಶಿಕ್ಷೆಯ ಬಗೆಯನ್ನೇ ಬದಲಿಸಿ ಇಳಿಸುವುದು. ಉದಾಹರಣೆಗೆ ಗಲ್ಲಿನ ಬದಲು ಜೀವಾವಧಿ.
3. ರಿಮಿಷನ್ – ಶಿಕ್ಷೆಯ ಬಗೆ ಅದೇ, ಅವಧಿ ಮಾತ್ರ ಕಡಿಮೆ. ಹತ್ತು ವರ್ಷದ ಸಜೆ ಎಂಟಕ್ಕೆ ಇಳಿದರೆ ಅದು ರಿಮಿಷನ್.
4. ರೆಸ್ಪೈಟ್ – ವಿಶೇಷ ಕಾರಣಕ್ಕೆ, ಉದಾಹರಣೆಗೆ ಗರ್ಭಿಣಿಯೆಂಬ ಕಾರಣಕ್ಕೆ, ಕಡಿಮೆ ಶಿಕ್ಷೆ ಕೊಡುವುದು.
5. ರಿಪ್ರೀವ್ – ಶಿಕ್ಷೆ ಜಾರಿಯಾಗುವುದನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವವರೆಗೆ ಗಲ್ಲು ನಿಲ್ಲಿಸುವುದು ಈ ಬಗೆಯದು.

ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದ ಹೊತ್ತಿಗೆ 'ಸನ್ನಡತೆಯ ಕೈದಿಗಳ ಬಿಡುಗಡೆ' ಎಂದು ಪತ್ರಿಕೆಗಳಲ್ಲಿ ಓದುವ ಸುದ್ದಿ ಹೆಚ್ಚಾಗಿ ಮೂರನೆಯ ಬಗೆಗೆ ಸೇರಿದ್ದು. ಅವರನ್ನು ನಿರಪರಾಧಿಗಳೆಂದು ಯಾರೂ ಘೋಷಿಸಿಲ್ಲ. ಉಳಿದ ಸಜೆಯನ್ನು ಮಾತ್ರ ಬಿಟ್ಟುಕೊಡಲಾಗಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ವಿಷಯಗಳು 472ರಿಂದ 475ರವರೆಗಿನ ಕಲಮುಗಳಲ್ಲಿವೆ. ಮರಣದಂಡನೆಗೆ ಗುರಿಯಾದವರು ತಮ್ಮ ಮೇಲ್ಮನವಿ ಮುಗಿದ ಸಂಗತಿಯನ್ನು ಜೈಲು ಅಧೀಕ್ಷಕರು ತಿಳಿಸಿದ 30 ದಿನಗಳೊಳಗೆ ದಯಾ ಅರ್ಜಿ ಸಲ್ಲಿಸಬೇಕೆಂದು 472ನೇ ಕಲಮು ಹೇಳುತ್ತದೆ.

ಕರ್ನಾಟಕದ ಎರಡು ಪ್ರಕರಣಗಳು

ಈ ಪದಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಎರಡು ಪ್ರಕರಣಗಳಿವೆ.

ಮೊದಲನೆಯದು ಪಾಲಾರ್ ಸ್ಫೋಟದ ಪ್ರಕರಣ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸಮೀಪ, ಕರ್ನಾಟಕ–ತಮಿಳುನಾಡು ಗಡಿಯ ಪಾಲಾರ್ ಬಳಿ ವೀರಪ್ಪನ್ ತಂಡ ನಡೆಸಿದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ನಾಲ್ವರಿಗೆ 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ವಿಧಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ದಯಾ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರವರಿಯಲ್ಲಿ, ಅಂದರೆ ಸುಮಾರು ಒಂಬತ್ತು ವರ್ಷಗಳ ನಂತರ. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನಾಲ್ವರೂ ಸೇರಿದಂತೆ 15 ಮಂದಿಯ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ದಯಾ ಅರ್ಜಿಯ ಬಗ್ಗೆ ಕಾರಣವಿಲ್ಲದೆ ವರ್ಷಗಟ್ಟಲೆ ತೀರ್ಮಾನ ಹೇಳದೆ ಕಾಯಿಸುವುದೇ ಒಂದು ಹಿಂಸೆ ಎಂಬುದು ತೀರ್ಪಿನ ಮುಖ್ಯ ನೆಲೆಯಾಗಿತ್ತು. ಇಲ್ಲಿ ಆದದ್ದು ಕ್ಷಮಾದಾನವಲ್ಲ, ಶಿಕ್ಷೆಯ ಇಳಿಕೆ. ಅಪರಾಧ ಹಾಗೆಯೇ ಉಳಿಯಿತು, ಸೆರೆವಾಸವೂ ಉಳಿಯಿತು.

ಎರಡನೆಯದು ಬೆಂಗಳೂರಿನ ಕೊಲೆ ಪ್ರಕರಣ, ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ. 2008ರಲ್ಲಿ ಸುಪ್ರೀಂ ಕೋರ್ಟ್ ಅಪರಾಧಿಯ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಬದಲಿಸಿತು. ಆದರೆ ಕೊನೆಯುಸಿರಿರುವವರೆಗೆ ಬಿಡುಗಡೆ ಮಾಡಬಾರದು ಎಂದೂ ಹೇಳಿತು. ಅಂದರೆ ಕಮ್ಯುಟೇಷನ್ ದೊರೆಯಿತು, ರಿಮಿಷನ್ನಿನ ಬಾಗಿಲು ಮುಚ್ಚಿತು.

'ಜೀವಾವಧಿ ಎಂದರೆ 14 ವರ್ಷ' ಎಂಬ ಮಾತು ಹಳ್ಳಿಯ ಕಟ್ಟೆಯಿಂದ ಸಿನಿಮಾದವರೆಗೆ ಹಬ್ಬಿದೆ. ಇದು ತಪ್ಪು. ಜೀವಾವಧಿ ಎಂದರೆ ಕಾನೂನಿನಲ್ಲಿ ಜೀವ ಇರುವವರೆಗೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವರನ್ನು ಕನಿಷ್ಠ 14 ವರ್ಷ ಸಜೆ ಅನುಭವಿಸುವ ಮೊದಲು ಸರ್ಕಾರ ಬಿಡುಗಡೆ ಮಾಡುವಂತಿಲ್ಲ ಎಂಬುದಷ್ಟೇ 14ರ ಅರ್ಥ. ಅದು ಕೆಳಗಿನ ಮಿತಿ, ಮೇಲಿನ ಮಿತಿಯಲ್ಲ.

ಖುಲಾಸೆಯೇ ಬೇರೆ, ಮಾಫಿಯೇ ಬೇರೆ

ಪದಬಂಧದಲ್ಲಿ 'ಆರೋಪದಿಂದ ಬಿಡುಗಡೆ (3)' ಎಂದಿದ್ದರೆ ಉತ್ತರ ಖುಲಾಸೆ. ಅದೇ ಅರ್ಥದ ನಾಲ್ಕಕ್ಷರದ ಪದ ದೋಷಮುಕ್ತಿ. ಇದು ಕ್ಷಮೆಯೇ ಅಲ್ಲ. ಅಪರಾಧ ಸಾಬೀತಾಗಲಿಲ್ಲ ಎಂದು ನ್ಯಾಯಾಲಯ ಹೇಳಿದಾಗ ಕ್ಷಮಿಸಲು ಉಳಿಯುವುದೇನೂ ಇಲ್ಲ. ಜಾಮೀನು ಕೂಡ ಕ್ಷಮೆಯಲ್ಲ, ಪೆರೋಲ್ ಕೂಡ ಅಲ್ಲ. ಜಾಮೀನು ವಿಚಾರಣೆ ನಡೆಯುವಾಗಿನ ತಾತ್ಕಾಲಿಕ ಬಿಡುಗಡೆ. ಪೆರೋಲ್ ಸಜೆಯ ನಡುವಿನ ರಜೆ.

ಈ ವ್ಯತ್ಯಾಸ ಮನೆಯ ಮಕ್ಕಳಿಗೆ ಬೇಗ ಎದುರಾಗುತ್ತದೆ. ಸರ್ಕಾರಿ ನೌಕರಿ ಅರ್ಜಿಯಲ್ಲಿ, ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ 'ನಿಮ್ಮ ಮೇಲೆ ಪ್ರಕರಣ ದಾಖಲಾಗಿತ್ತೇ? ಶಿಕ್ಷೆಯಾಗಿತ್ತೇ?' ಎಂಬ ಪ್ರಶ್ನೆಗಳಿರುತ್ತವೆ. ಕಾಲೇಜಿನ ದಿನಗಳ ಒಂದು ಜಗಳದ ಕೇಸು ರಾಜಿಯಾಗಿ ಮುಗಿದಿದೆ ಎಂದಿಟ್ಟುಕೊಳ್ಳಿ. 'ಎಲ್ಲಾ ಮಾಫಿ ಆಗೇತಿ, ಇಲ್ಲ ಅಂತ ಬರಿ' ಎಂದು ಹಿರಿಯರು ಹೇಳಬಹುದು. ಹಾಗೆ ಬರೆಯುವುದು ಅಪಾಯ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು ಎಂದು ಹೇಳಿದೆ. ಸಣ್ಣ ಪ್ರಕರಣವನ್ನು ಉದ್ಯೋಗದಾತರು ಕಡೆಗಣಿಸಬಹುದು, ಸುಳ್ಳನ್ನು ಕಡೆಗಣಿಸುತ್ತಾರೆಂಬ ಭರವಸೆ ಇಲ್ಲ. ನಮೂನೆಯಲ್ಲಿ ಕೇಳಿದ್ದಕ್ಕೆ ತಕ್ಕಂತೆ 'ದಾಖಲಾಗಿತ್ತು, ರಾಜಿಯಲ್ಲಿ ಮುಗಿದಿದೆ' ಎಂದು ಬರೆದು ಆದೇಶದ ಪ್ರತಿ ಇಡುವುದೇ ಸರಿಯಾದ ದಾರಿ.

ವ್ಯಾಪಾರಿಗಳಿಗೆ ತಿಳಿದಿರಬೇಕಾದ ಪದಗಳು

ಅಮರಗೋಳದ ಎಪಿಎಂಸಿ, ಹುಬ್ಬಳ್ಳಿಯ ಪೇಟೆಗಳಲ್ಲಿ ವ್ಯಾಪಾರ ಮಾಡುವ ಕುಟುಂಬಗಳಿಗೆ ಗಲ್ಲುಶಿಕ್ಷೆಯ ಕ್ಷಮಾದಾನಕ್ಕಿಂತ ಹತ್ತಿರದವು ಮನ್ನಾ, ರಿಯಾಯಿತಿ, ರಾಜಿ ಎಂಬ ಪದಗಳು.

ಮನ್ನಾ: ತೆರಿಗೆಯ 'ಅಮ್ನೆಸ್ಟಿ ಯೋಜನೆ' ಬಂದಾಗ ಎಲ್ಲವೂ ಮನ್ನಾ ಎಂದು ತಿಳಿಯುವವರಿದ್ದಾರೆ. ಜಿಎಸ್‌ಟಿ ಕಾಯ್ದೆಗೆ 2024ರಲ್ಲಿ ಸೇರಿಸಿದ 128ಎ ಕಲಮನ್ನೇ ನೋಡಿ. 2017-18, 2018-19, 2019-20ರ ಸಾಲುಗಳ, ವಂಚನೆಯ ಆರೋಪವಿಲ್ಲದ ಬೇಡಿಕೆಗಳಿಗೆ ಮಾತ್ರ ಅದು ಅನ್ವಯಿಸಿತು. 2025ರ ಮಾರ್ಚ್ 31ರೊಳಗೆ ಪೂರ್ಣ ತೆರಿಗೆ ಕಟ್ಟಿದವರಿಗೆ ಬಡ್ಡಿ ಮತ್ತು ದಂಡ ಮನ್ನಾ ಆಯಿತು. ತೆರಿಗೆ ಮನ್ನಾ ಆಗಲಿಲ್ಲ. ರಾಜ್ಯ ಸರ್ಕಾರದ 'ಕರಸಮಾಧಾನ' ಯೋಜನೆಗಳ ತಿರುಳೂ ಇದೇ: ಅಸಲು ಕಟ್ಟಿದರೆ ಬಡ್ಡಿ, ದಂಡದಲ್ಲಿ ಬಿಡುವು. ಗಡುವು ದಾಟಿದರೆ ಆ ಬಿಡುವೂ ಇಲ್ಲ.

ರಿಯಾಯಿತಿ: ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ದಂಡ ಕಟ್ಟಿದರು. ಅದು ಕ್ಷಮೆಯಲ್ಲ, ದಂಡದ ಮೊತ್ತದಲ್ಲಿ ಕಡಿತ.

ರಾಜಿ: ಚೆಕ್ ಬೌನ್ಸ್ ಪ್ರಕರಣ ಕ್ರಿಮಿನಲ್ ಸ್ವರೂಪದ್ದಾದರೂ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಮಿನಂತೆ ರಾಜಿಗೆ ಬರುತ್ತದೆ. ಲೋಕ ಅದಾಲತ್‌ನಲ್ಲಿ ಇಂಥ ಪ್ರಕರಣ ಮುಗಿಸಿಕೊಳ್ಳಬಹುದು. ಅಲ್ಲಿ ಆದ ರಾಜಿ ಅಂತಿಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಮೊತ್ತ, ಕಂತು, ದಿನಾಂಕ ಓದಿ ನೋಡಬೇಕು.

ವಿಳಂಬ ಮನ್ನಾ: ಕೋರ್ಟಿನ ಕಾಗದಗಳಲ್ಲಿ 'ಕಂಡೊನೇಷನ್ ಆಫ್ ಡಿಲೇ' ಎಂದು ಕಾಣುವುದು ಇದೇ. ಅಪೀಲಿಗೆ ತಡವಾದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಂತೆ ಸಾಕಷ್ಟು ಕಾರಣ ತೋರಿಸಿ ತಡವನ್ನು ಮನ್ನಿಸಲು ಕೇಳಬಹುದು. ಚೆಕ್ ಮರಳಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳಲ್ಲಿ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ಹಾಕಬೇಕು. ದೂರಿನ ತಡವನ್ನು ನ್ಯಾಯಾಲಯ ಸೂಕ್ತ ಕಾರಣವಿದ್ದರೆ ಮನ್ನಿಸಬಹುದು. ನೋಟಿಸಿನ 30 ದಿನಗಳಿಗೆ ಅಂಥ ಅವಕಾಶವನ್ನು ಆ ಕಾಯ್ದೆ ಕೊಟ್ಟಿಲ್ಲ. 'ಹಬ್ಬ ಮುಗೀಲಿ, ನೋಡೋಣ' ಎಂದು ಬಿಟ್ಟರೆ ಹಕ್ಕೇ ಕೈತಪ್ಪಬಹುದು.

ಮಾಫಿ ಸಾಕ್ಷಿ: ಅಪರಾಧದಲ್ಲಿ ಪಾಲಿದ್ದವನೇ ಎಲ್ಲವನ್ನೂ ಸತ್ಯವಾಗಿ ಹೇಳುವ ಷರತ್ತಿನ ಮೇಲೆ ನ್ಯಾಯಾಲಯದಿಂದ ಕ್ಷಮೆ ಪಡೆದು ಸಾಕ್ಷಿಯಾಗುವುದು. ಸತ್ಯ ಮುಚ್ಚಿಟ್ಟರೆ ಕ್ಷಮೆ ಹೋಗುತ್ತದೆ, ವಿಚಾರಣೆ ಎದುರಿಸಬೇಕಾಗುತ್ತದೆ.

ಮನೆಯೊಳಗಿನ ಕ್ಷಮೆ ಮತ್ತು ಕಾನೂನು

ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ 'ಕಂಡೊನೇಷನ್' ಎಂಬ ಪದಕ್ಕೆ ಇನ್ನೊಂದು ಮುಖ್ಯ ಸ್ಥಾನವಿದೆ. ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳಿದಾಗ, ಅರ್ಜಿದಾರರು ಆ ಕ್ರೌರ್ಯವನ್ನು ಈಗಾಗಲೇ ಕ್ಷಮಿಸಿಲ್ಲ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು ಎಂದು 23ನೇ ಕಲಮು ಹೇಳುತ್ತದೆ.

ಹಾಗಾದರೆ ಕ್ಷಮಾವಾಣಿಯ ದಿನ ಹಿರಿಯರ ಮುಂದೆ ಸೊಸೆ 'ಕ್ಷಮಿಸಿದ್ದೇನೆ' ಎಂದರೆ ಅವಳ ಹಕ್ಕು ಮುಗಿಯಿತೇ? 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಸಿಗುವಂತೆ ವಿವರಿಸಿದೆ. ಕಾನೂನಿನ ಕಂಡೊನೇಷನ್ನಿಗೆ ಎರಡು ಅಂಶ ಬೇಕು: ತಪ್ಪನ್ನು ಕ್ಷಮಿಸುವುದು, ತಪ್ಪು ಮಾಡಿದವರನ್ನು ದಾಂಪತ್ಯದಲ್ಲಿ ಮೊದಲಿನ ಸ್ಥಾನಕ್ಕೆ ತರುವುದು. ಅಷ್ಟೇ ಅಲ್ಲ, ಆ ಕ್ಷಮೆಗೆ ಮುಂದೆ ಸರಿಯಾಗಿ ನಡೆದುಕೊಳ್ಳಬೇಕೆಂಬ ಷರತ್ತು ಅಂಟಿಕೊಂಡೇ ಇರುತ್ತದೆ. ಕ್ರೌರ್ಯ ಮರುಕಳಿಸಿದರೆ ಹಳೆಯದೂ ಮತ್ತೆ ಜೀವ ಪಡೆಯುತ್ತದೆ.

ಕೌಟುಂಬಿಕ ಕ್ರೌರ್ಯದ ಕ್ರಿಮಿನಲ್ ದೂರು ಮಾತ್ರ ಕೇವಲ 'ರಾಜಿ ಆಗಿದೆ' ಎಂಬ ಕಾಗದದಿಂದ ಕೆಳ ನ್ಯಾಯಾಲಯದಲ್ಲಿ ಮುಗಿಯುವುದಿಲ್ಲ. ನಿಜವಾದ ರಾಜಿಯಾಗಿದ್ದರೆ ಹೈಕೋರ್ಟ್ ಅದನ್ನು ರದ್ದುಪಡಿಸಬಹುದು. ಈ ಭಾಗದವರಿಗೆ ಅದಕ್ಕಾಗಿ ಧಾರವಾಡದ ಹೈಕೋರ್ಟ್ ಪೀಠವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಿಂದ ಕಾಯಂ ಪೀಠ.

ಕ್ಷಮಾವಾಣಿ ಎಲ್ಲಿ ನಿಲ್ಲುತ್ತದೆ?

ದಿಗಂಬರ ಸಂಪ್ರದಾಯದಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಹತ್ತು ದಿನ ದಶಲಕ್ಷಣ ಪರ್ವ. ಅದರ ಮೊದಲ ದಿನದ ಧರ್ಮವೇ ಉತ್ತಮ ಕ್ಷಮಾ. ನಮ್ಮ ಪಂಚಾಂಗದ ಭಾದ್ರಪದ ಬಹುಳ ಪಾಡ್ಯದಂದು ಕ್ಷಮಾವಾಣಿ. ಶ್ವೇತಾಂಬರರಲ್ಲಿ ಎಂಟು ದಿನಗಳ ಪರ್ಯೂಷಣದ ಕೊನೆಯ ದಿನ ಸಂವತ್ಸರಿ, ಅಂದು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ಮಾಡಿದ ಕೆಟ್ಟದ್ದು ನಿಷ್ಫಲವಾಗಲಿ ಎಂಬುದು ಆ ಪ್ರಾಕೃತ ಮಾತಿನ ಭಾವ.

ಕ್ಷಮಾದಾನಕ್ಕೆ ಮೇಲೊಬ್ಬರು, ಕೆಳಗೊಬ್ಬರು ಬೇಕು. ಕ್ಷಮಾವಾಣಿಗೆ ಬೇಡ. ಅಂಗಡಿಯ ಮಾಲೀಕರು ಹಮಾಲನಲ್ಲಿಯೂ, ಅತ್ತೆ ಸೊಸೆಯಲ್ಲಿಯೂ ಕ್ಷಮೆ ಕೇಳುವ ದಿನ ಅದು. ಜೈನ ದರ್ಶನದಲ್ಲಿ ಕರ್ಮವನ್ನು ಮೇಲಿನಿಂದ ಮಾಫಿ ಮಾಡುವ ಅಧಿಕಾರಿ ಯಾರೂ ಇಲ್ಲ. ತತ್ತ್ವಾರ್ಥಸೂತ್ರ ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳು ಆಲೋಚನೆಯಿಂದ, ಅಂದರೆ ಗುರುವಿನ ಮುಂದೆ ತಪ್ಪನ್ನು ಮುಚ್ಚಿಡದೆ ಹೇಳುವುದರಿಂದ, ಆರಂಭವಾಗುತ್ತವೆ. ಆದ್ದರಿಂದ ಕ್ಷಮೆ ಕೇಳಿದವರು ಬಾಕಿ ಹಣ ಕೊಡಬೇಕಾಗಿಲ್ಲ, ಹೊಡೆದವರು ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬ ಅರ್ಥ ಎಲ್ಲಿಯೂ ಬರುವುದಿಲ್ಲ. ವೈರ ಬಿಡುವುದು ಬೇರೆ, ಹಕ್ಕು ಬಿಡುವುದು ಬೇರೆ.

ಪದಬಂಧ ಪ್ರಿಯರಿಗೆ ಒಂದು ಪಟ್ಟಿ

ಕನ್ನಡ ಪದಬಂಧದಲ್ಲಿ ಒತ್ತಕ್ಷರ ಸೇರಿದ ಅಕ್ಷರಕ್ಕೂ ಒಂದೇ ಚೌಕ. 'ಕ್ಷ' ಒಂದು, 'ನ್ನಾ' ಒಂದು, 'ಕ್ತಿ' ಒಂದು.

- ತಾಳ್ಮೆಯೂ ಹೌದು, ಭೂಮಿಯೂ ಹೌದು (2): ಕ್ಷಮಾ
- ಸಾಲಕ್ಕೂ ಬಡ್ಡಿಗೂ ಸರ್ಕಾರ ಮಾಡುವುದು (2): ಮನ್ನಾ
- ಅರಬ್ಬೀ ಮೂಲದ ಕ್ಷಮೆ (2): ಮಾಫಿ
- ಲೋಕ ಅದಾಲತ್‌ನಲ್ಲಿ ಆಗುವುದು (2): ರಾಜಿ
- ಆರೋಪ ಸಾಬೀತಾಗದಿದ್ದರೆ (3): ಖುಲಾಸೆ
- ವಿಚಾರಣೆಯ ನಡುವೆ ಹೊರಬರಲು (3): ಜಾಮೀನು
- ರಾಷ್ಟ್ರಪತಿ ಕೊಡುವುದು (4): ಕ್ಷಮಾದಾನ
- ತಪ್ಪಿತಸ್ಥ ಕೇಳುವುದು (4): ಕ್ಷಮಾಪಣೆ
- ದಶಲಕ್ಷಣದ ನಂತರ ಜೈನರ ಆಚರಣೆ (4): ಕ್ಷಮಾವಾಣಿ
- ಪಾಲುದಾರನೇ ಸರ್ಕಾರದ ಪರ ನಿಂತಾಗ (4): ಮಾಫಿಸಾಕ್ಷಿ
- ದಂಡದಲ್ಲಿ ಕಡಿತ (4): ರಿಯಾಯಿತಿ

ಇಂಗ್ಲಿಷ್ ಪದಬಂಧದಲ್ಲಿ ಅಕ್ಷರಗಳ ಸಂಖ್ಯೆಯೇ ದಾರಿ ತೋರುತ್ತದೆ. ಆರು ಅಕ್ಷರವಾದರೆ ಪಾರ್ಡನ್. ಏಳಾದರೆ ಅಮ್ನೆಸ್ಟಿ, ಸುಳಿವು ಕ್ರಿಯಾಪದವಾಗಿದ್ದರೆ ಕಂಡೋನ್. ಎಂಟಾದರೆ ಕ್ಲೆಮೆನ್ಸಿ ಅಥವಾ ರಿಪ್ರೀವ್: 'ದಯೆ' ಎಂದಿದ್ದರೆ ಮೊದಲನೆಯದು, 'ತಡೆ' ಎಂದಿದ್ದರೆ ಎರಡನೆಯದು. ಒಂಬತ್ತಾದರೆ ರಿಮಿಷನ್ ಅಥವಾ ಅಕ್ವಿಟಲ್. ಹನ್ನೊಂದಾದರೆ ಕಮ್ಯುಟೇಷನ್. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧದಿಂದ ಇಂದಿನವರೆಗೆ ಈ ಆಟದ ನಿಯಮ ಒಂದೇ: ಹತ್ತಿರದ ಪದ ಸಾಲದು, ಸರಿಯಾದ ಪದವೇ ಬೇಕು.

ನೆರವು ಬೇಕಾದರೆ

ಕಾಗದದಲ್ಲಿರುವ ಪದದ ಅರ್ಥ ಸಂದೇಹವೆನಿಸಿದರೆ ಸಹಿ ಹಾಕುವ ಮೊದಲು ಕೇಳುವುದು ಒಳ್ಳೆಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರು ಮೊದಲಾದವರಿಗೆ ಉಚಿತ ಕಾನೂನು ನೆರವು ಇದೆ. ರಾಷ್ಟ್ರೀಯ ಸಹಾಯವಾಣಿ 15100. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಅಮರಗೋಳದ ನೆರೆಯ ನವನಗರದಲ್ಲಿಯೇ. ಕಾನೂನು ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಬರುವ ಕ್ಷಮಾವಾಣಿಯ ದಿನ ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಹಿರಿಯರಿಗೆ ಒಮ್ಮೆ ಓದಿ ಹೇಳಬಹುದು.

ಜೈ ಜಿನೇಂದ್ರ.